ಹಡಗಿನ ಹೊಸ್ತಿಲು

ಮೊಳೆ ಬರಲೊಲ್ಲದು. ತಮ್ಮ ಮಂಡಿಯೂರಿ ಕೂತು, ಸುತ್ತಿಗೆಯ ಹಿಂದಿನ ಕೊಕ್ಕೆಯನ್ನು ಹಲಗೆಯ ಸಂದಿಗೆ ತೂರಿಸಿ, ಉಸಿರು ಬಿಗಿಹಿಡಿದು ಮೀಟಿದ. ಹಲಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಮಲಗುವ ಕೋಣೆಗೂ ನಡುಮನೆಗೂ ನಡುವಿನ ಬಾಗಿಲಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಅಡ್ಡ ನಿಲ್ಲಿಸಿ ಹೊಡೆದ ಹಲಗೆ ಅದು. ಬೆಳಗಿನಿಂದ ಮೂರು ಜನ ಅದನ್ನು ಎಡವಿದ್ದರು. ಅಕ್ಕನನ್ನು ಮಂಚದಿಂದೆತ್ತಿ ನಡುಮನೆಯ ಶವಪೆಟ್ಟಿಗೆಗೆ ತರಬೇಕಾಗಿದ್ದ ಆಳುಗಳಲ್ಲಿ ಒಬ್ಬ ಮುಗ್ಗರಿಸಿ, "ಮೊದಲು ಇದನ್ನ ಕೀಳಿ ಸಾರ್, ಆಮೇಲೆ ನಮ್ಮನ್ನ ಕರೀರಿ" ಎಂದು ಹೊರಗೆ ಹೋಗಿ ನಿಂತಿದ್ದ.

"ಯಾವ ಪುಣ್ಯಾತ್ಮ ಹೊಡೆದನೋ ಇದನ್ನ," ತಮ್ಮ ಗೊಣಗಿದ.

"ನಮ್ಮೆಜಮಾನ್ರೇ," ಎಂದಳು ಎದುರುಮನೆಯಾಕೆ. ಅವಳು ಆಗಲೇ ಬಂದು, ಇದ್ದಬದ್ದ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸುತ್ತಿದ್ದಳು. "ನಿಮ್ಮಕ್ಕ ಪಕ್ಕದಲ್ಲೇ ನಿಂತು ಹೊಡೆಸಿದ್ರು. ಆರು ಮೊಳೆ ಸಾಲದು ಅಂತ ಇನ್ನೂ ಆರು. ಹಡಗಲ್ಲಿ ಬಾಗಿಲಿಗೆಲ್ಲ ಇಷ್ಟೆತ್ತರ ಹೊಸ್ತಿಲಿರುತ್ತಂತಲ್ಲ, ನೀರು ಒಳಗೆ ನುಗ್ಗಬಾರದು ಅಂತ. ದಿನಕ್ಕೆ ನಲವತ್ತು ಸಲ ದಾಟೋರು ನೋಡಿ! ಮೊದಲು ವಾಕರ್ ಆಚೆ ಇಡೋದು, ಆಮೇಲೆ ಸರಿಯಾಗಿರೋ ಕಾಲು, ಕೊನೆಗೆ ಆ ಹಾಳು ಕಾಲು. ಅವರು ಎಣಿಸೋದು ನಮ್ಮನೆವರೆಗೂ ಕೇಳಿಸೋದು." ಅವಳು ಕುರ್ಚಿ ಹಿಡಿದುಕೊಂಡೇ ಅವನ ಮುಖ ನೋಡಿದಳು. "ನಿಮಗೆ ಗೊತ್ತಿರಲಿಲ್ವಾ? ಜೊತೆಗೆ ಹೋಗೋರು ನೀವೇ ಅಲ್ವಾ?"

"ಗೊತ್ತಿತ್ತು," ಎಂದ ತಮ್ಮ, ತಲೆಯೆತ್ತದೆ. ಗೊತ್ತಿರಲಿಲ್ಲ. ಅಕ್ಕ ಹೋಗುವ ಮುಂಚಿನ ಮೂರು ತಿಂಗಳು ಅವನು ಈ ಮನೆಯೊಳಗೆ ಕಾಲಿಟ್ಟಿರಲಿಲ್ಲ.

"ಪಾಪ, ಹಡಗು ಹತ್ತೋಕೆ ಇನ್ನು ಮೂರೇ ವಾರ ಇತ್ತು. ಬೀದಿಗೆಲ್ಲ ಹೇಳ್ಕೊಂಡು ಬಂದಿದ್ರು, ನನ್ನ ತಮ್ಮ ಬರ್ತಾನೆ, ನನ್ನ ತಮ್ಮ ಕರ್ಕೊಂಡು ಹೋಗ್ತಾನೆ ಅಂತ. ಈ ಕಾಲದಲ್ಲಿ ಯಾರು ಮಾಡ್ತಾರಪ್ಪ ಇಷ್ಟು?"

ಅವಳೇ ನಿನ್ನೆ ಬೆಳಿಗ್ಗೆ ಅಕ್ಕನನ್ನು ಮೊದಲು ನೋಡಿದವಳು. ಹಾಲು ಕೊಡಲು ಬಂದರೆ ಬಾಗಿಲು ತೆರೆದಿಲ್ಲ. ಕಿಟಕಿಯಿಂದ ಇಣುಕಿದರೆ ಕುರ್ಚಿಯಲ್ಲಿ ಕೂತಿದ್ದಾಳೆ, ಎರಡು ಕಾಲಿಗೂ ದಪ್ಪ ಬೂಟು, ಎರಡಕ್ಕೂ ಲಾಡಿ ಕಟ್ಟಿಯಾಗಿದೆ. ಹೃದಯ ನಿಂತಿದೆ, ನೋವು ಗೊತ್ತಾಗಿರಲಾರದು ಎಂದರು ಡಾಕ್ಟರು.

ಹತ್ತನೆಯ ಮೊಳೆ ಕಿತ್ತಾಗ ಹಲಗೆ ಒಂದು ಬದಿ ಎದ್ದಿತು. ಅದರ ಮೇಲಂಚು ನಡುವಿನಲ್ಲಿ ಸವೆದು ನುಣ್ಣಗಾಗಿತ್ತು. ತಮ್ಮ ಅದರ ಮೇಲೆ ಒಮ್ಮೆ ಬೆರಳಾಡಿಸಿ, ಎದ್ದು, ಆಳುಗಳನ್ನು ಕರೆದ.

*

ಐದು ತಿಂಗಳ ಹಿಂದೆ ಅಕ್ಕ ಹಡಗಿನ ಪ್ರಯಾಣದ ಫಾರಂ ಹಿಡಿದು ಅವನ ಕನ್ನಡಕದ ಅಂಗಡಿಗೆ ಬಂದಿದ್ದಳು. ಬಸ್ ಸ್ಟಾಪಿನಿಂದ ಅಂಗಡಿಗೆ ಐದು ನಿಮಿಷದ ದಾರಿ. ಅವಳಿಗೆ ಅರ್ಧ ಗಂಟೆ. ಒಳಗೆ ಬಂದವಳೇ ಗಿರಾಕಿಗಳ ಕುರ್ಚಿಯಲ್ಲಿ ಧೊಪ್ಪನೆ ಕೂತು, ಚೀಲದಿಂದ ಬಣ್ಣಬಣ್ಣದ ಪುಸ್ತಕ ತೆಗೆದು ಗಾಜಿನ ಕೌಂಟರಿನ ಮೇಲೆ ಬಿಚ್ಚಿದಳು. ಕಪ್ಪು ನೀರು, ಎರಡು ಕಡೆಯೂ ಮಂಜಿನ ಬೆಟ್ಟ, ನಡುವೆ ಬಿಳಿ ಹಡಗು.

"ಹನ್ನೆರಡು ದಿನ ಕಣೋ ಮರಿ. ಡೆಕ್ಕಿನ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ರೆ ಬೆಟ್ಟಗಳೇ ಎದುರಿಗೆ ಬರ್ತವಂತೆ. ನಾವು ಹತ್ತೋ ಹಾಗೇ ಇಲ್ಲ!"

"ನಿನಗ್ಯಾಕೆ ಈ ವಯಸ್ಸಲ್ಲಿ ಚಳಿ?"

"ಮೂವತ್ತನಾಲ್ಕು ವರ್ಷ ಆಸ್ಪತ್ರೆ ಬಟ್ಟೆ ಜೊತೆ ನಾನೂ ಬೆಂದಿದ್ದೀನಿ. ಸಾಯೋದ್ರೊಳಗೆ ಒಂದು ಸಲ ಗಡಗಡ ನಡುಗಬೇಕು." ತನ್ನ ಮಾತಿಗೆ ತಾನೇ ನಕ್ಕಳು. ಆಸ್ಪತ್ರೆಯ ಲಾಂಡ್ರಿಯಲ್ಲಿ, ಕುದಿಯುವ ಹಂಡೆಗಳ, ಇಸ್ತ್ರಿ ಯಂತ್ರಗಳ ಆವಿಯಲ್ಲಿ ಅವಳ ಆಯುಸ್ಸು ಕಳೆದಿತ್ತು. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಸೊಂಟದ ಕೀಲು ಹೋದದ್ದೂ ಅಲ್ಲೇ.

ಫಾರಂನಲ್ಲಿ ಎರಡು ಕಲಮುಗಳಿದ್ದವು. ವಾಕರ್ ಬಳಸುವವರ ಜೊತೆ ಒಬ್ಬರು ಬರಬೇಕು, ಪೂರ್ತಿ ಜವಾಬ್ದಾರಿ ತನ್ನದೆಂದು ಅವರು ಸಹಿ ಹಾಕಬೇಕು. ಯಾರೂ ಬರದಿದ್ದರೆ, ಹೊಸ್ತಿಲು ದಾಟುವುದು, ಬೂಟು ಹಾಕುವುದು, ಮೂರು ಮೆಟ್ಟಿಲು ಹತ್ತುವುದು ಇವನ್ನೆಲ್ಲ ಪ್ರಯಾಣಿಕರು ತಾವೇ ಮಾಡಬಲ್ಲರೆಂದು ಡಾಕ್ಟರು ಬರೆದುಕೊಡಬೇಕು.

"ಎರಡನೇದು ನನ್ನ ಕೈಲಾಗೋ ಮಾತಲ್ಲ," ಎಂದಳು ಅಕ್ಕ. "ಇಲ್ಲಿ ಹಾಕು ನಿನ್ನ ಸಹಿ."

"ನೋಡೋಣ, ಇಟ್ಟಿರು," ಎಂದು ತಮ್ಮ ಫಾರಂ ಅನ್ನು ಡ್ರಾಯರಿಗೆ ಸೇರಿಸಿದ. ಆಗಲ್ಲ ಅನ್ನುವುದಕ್ಕೆ ಅವನಲ್ಲಿ ಕಾರಣವಿರಲಿಲ್ಲ. ಅಂಗಡಿಗೆ ಹನ್ನೆರಡು ದಿನ ಬಾಗಿಲು ಹಾಕಿದರೆ ಯಾರ ಕಣ್ಣೂ ಹೋಗುತ್ತಿರಲಿಲ್ಲ. ಅಕ್ಕನೂ ಮದುವೆಯಾಗಿರಲಿಲ್ಲ, ಅವನೂ ಇಲ್ಲ. ಕೇಳುವವರು ಹೇಳುವವರು ಯಾರೂ ಇರಲಿಲ್ಲ. ಬರುತ್ತೇನೆ ಅನ್ನುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಆಮೇಲೆ ಅವಳು ಫೋನು ಮಾಡಿದಾಗಲೆಲ್ಲ ಅದೇ "ನೋಡೋಣ." ಕೊನೆಕೊನೆಗೆ ಅವಳು ಅದರ ಸುದ್ದಿ ಎತ್ತುವುದನ್ನೇ ಬಿಟ್ಟಳು, ಅವನೂ ಬದುಕಿದೆಯಾ ಬಡಜೀವವೇ ಎಂದು ಸುಮ್ಮನಾದ.

*

ಹತ್ತು ಗಂಟೆಯ ಹೊತ್ತಿಗೆ ಲಾಂಡ್ರಿಯ ಹೆಂಗಸರು ಬಂದರು. ಎಲ್ಲರ ಕೈಯೂ ಒಂದೇ ತರಹ, ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಅವರ ಮುಂದಾಳು ಸೂಪರ್‌ವೈಸರಮ್ಮ, ಗಟ್ಟಿ ಗಂಟಲಿನ ದಢೂತಿ ಹೆಂಗಸು. ಪೆಟ್ಟಿಗೆಯ ಹತ್ತಿರ ನಿಂತು ಒಂದು ಸುತ್ತು ಅತ್ತವಳೇ, ಒಳಗೆ ಹಾಸಿದ್ದ ಬಿಳಿ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿ ಸರಿಮಾಡಿದಳು. "ಇಂಥಾ ಇಸ್ತ್ರಿ ನೋಡಿದ್ರೆ ಅವಳು ಎದ್ದು ಬಂದು ಬೈತಿದ್ಲು," ಎಂದಳು. ಹೆಂಗಸರು ಅಳುತ್ತಲೇ ನಕ್ಕರು.

ಆಮೇಲೆ ತಮ್ಮನ ಎರಡೂ ಕೈ ಹಿಡಿದುಕೊಂಡಳು. "ನೀವೇ ಅಲ್ವಾ ತಮ್ಮ? ನಿಮ್ಮ ವಿಷಯ ಹೇಳದ ದಿನ ಇಲ್ಲ. ಇಂಥ ತಮ್ಮ ಇರಬೇಕಾದ್ರೆ ಪುಣ್ಯ ಮಾಡಿರಬೇಕು."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಗಾಳಿಗೆಂದು ಹೇಳಿ ಹೊರಗೆ ಜಾರಿಕೊಂಡ.

ಗೇಟಿನ ಹತ್ತಿರ ಒಬ್ಬ ಬಡಕಲು ಆಸಾಮಿ ನಿಂತಿದ್ದ. ಸುಡುವ ಬಿಸಿಲಲ್ಲಿ ಅವನ ತೋಳ ಮೇಲೆ ಕಂಬಳಿಯಂಥ ದಪ್ಪ ಕೋಟು.

"ಪಕ್ಕದ ರಸ್ತೆ ಐಸ್‌ಕ್ರೀಮ್ ಗೋದಾಮಿನಲ್ಲಿ ವಾಚ್‌ಮನ್ ಸಾರ್ ನಾನು," ಎಂದ. "ಅಕ್ಕೋರು ಪ್ರತಿ ಮಂಗಳವಾರ ಬರೋರು."

"ಐಸ್‌ಕ್ರೀಮಿಗಾ?"

"ಚಳಿಗೆ ಸಾರ್. ಹೆಪ್ಪುಗಟ್ಟಿಸೋ ಕೋಣೆಯಲ್ಲಿ ಹತ್ತು ನಿಮಿಷ ಕೂರಿಸು ಅಂತ ದುಂಬಾಲು ಬಿದ್ರು. ಆಗಲ್ಲಮ್ಮ, ಕೆಲಸ ಹೋಗುತ್ತೆ ಅಂದೆ. ಕೇಳ್ತಾರಾ? ಸ್ಟೂಲ್ ಹಾಕಿ, ಬಾಗಿಲು ಹಿಡ್ಕೊಂಡು ನಾನೂ ನಿಂತಿರ್ತಿದ್ದೆ. ಹಲ್ಲು ಕಟಕಟ ಅಂತಿದ್ರೂ ನಗೋರು. ಎರಡು ಕೋಟು ತಂದಿದ್ರು. ಒಂದು ವಾರ ಅವರದು ಹಾಕ್ಕೊಂಡು ನೋಡೋದು, ಇನ್ನೊಂದು ವಾರ ಈ ದೊಡ್ಡದು. ತಮ್ಮನಿಗೆ ಬೇಗ ಶೀತ ಆಗುತ್ತೆ, ಅವನದು ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ."

ತಮ್ಮ ಕೋಟನ್ನೇ ನೋಡಿದ.

"ಮೂರು ತಿಂಗಳ ಹಿಂದೆ ಇದನ್ನ ನನಗೇ ಕೊಟ್ಬಿಟ್ರು," ಎಂದು ವಾಚ್‌ಮನ್ ದನಿ ತಗ್ಗಿಸಿದ. "ತಮ್ಮಂಗೆ ಬೇಡ್ವಾ ಅಂದೆ. ಅವನು ಬರಲ್ಲಪ್ಪ, ನಂಗೊತ್ತು, ಇಲ್ಲ ಅನ್ನೋಕೆ ಅವನಿಗೆ ಬಾಯಿ ಬರಲ್ಲ, ಚಿಕ್ಕೋನಿದ್ದಾಗಿಂದ ಹಂಗೇ ಅಂದ್ರು. ಒಬ್ಬಳೇ ಹೋಗೋದಕ್ಕೆ ಕಲೀತೀನಿ, ಡಾಕ್ಟರ ಹತ್ರ ಬರೆಸ್ಕೋತೀನಿ ಅಂದ್ರು. ಯಾರ ಮುಂದೇನೂ ಹೇಳಬೇಡ, ಬೀದಿಯವರಿಗೆ ತಮ್ಮ ಬರ್ತಾನೆ ಅಂತಲೇ ಇರಲಿ, ಅವನಿಗ್ಯಾಕೆ ಕೆಟ್ಟ ಹೆಸರು ಅಂದ್ರು." ಅವನು ಕೋಟನ್ನು ಮುಂದೆ ಚಾಚಿದ. "ನಿಮ್ಮ ವಸ್ತು ಸಾರ್. ನನಗೆ ಇಟ್ಕೊಳ್ಳೋಕೆ ಮನಸ್ಸಾಗಲಿಲ್ಲ."

"ಅವಳು ನಿಮಗೆ ಕೊಟ್ಟಿದ್ದು. ನೀವೇ ಇಟ್ಕೊಳ್ಳಿ," ಎಂದ ತಮ್ಮ.

*

ಮೂರು ತಿಂಗಳ ಹಿಂದಿನ ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಕ್ಕನನ್ನು ಮೂಳೆ ಡಾಕ್ಟರಿಗೆ ತೋರಿಸಿ, ಇಬ್ಬರೂ ಬಸ್ ಸ್ಟಾಪಿನ ಕಡೆ ಹೊರಟಿದ್ದರು. ಅಂಗಡಿ ಬೀದಿ, ಸಂಜೆಯ ಗಿಜಿಗಿಜಿ. ಅಕ್ಕ ವಾಕರ್ ಎತ್ತಿಡುವುದು, ಒಂದು ಹೆಜ್ಜೆ ಹಾಕುವುದು, ನಿಲ್ಲುವುದು. ಹಿಂದಿನವರು ತಡೆದು ನಿಂತು, ಚ್ಚು ಎಂದು ಸುತ್ತಿ ಹೋಗುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಅವನಿಗೆ ನಾಚಿಕೆಯಾಯಿತು. ಇದು ನಿಜ, ಇದಕ್ಕೆ ಬೇರೆ ಹೆಸರಿಲ್ಲ. ಒಡಹುಟ್ಟಿದವಳ ಪಕ್ಕದಲ್ಲಿ ನಡೆಯಲು ಅವನಿಗೆ ನಾಚಿಕೆಯಾಯಿತು. ಅಂಗಡಿಗಳ ಗಾಜು ನೋಡುವ ನೆಪದಲ್ಲಿ ಹತ್ತು ಹೆಜ್ಜೆ ಮುಂದಾದ, ಆಮೇಲೆ ಇಪ್ಪತ್ತು.

"ನೀನು ಹೋಗ್ತಾ ಇರು ಮರಿ, ನಾನು ಬರ್ತೀನಿ," ಎಂದು ಅವಳು ಹಿಂದಿನಿಂದ ಕೂಗಿದಳು.

ಅಷ್ಟರಲ್ಲಿ ಅವನ ಬಸ್ಸು ಬಂತು. ಅವಳದು ಬೇರೆ ಬಸ್ಸು, ಹೇಗೂ ಬೇರೆಯೇ ಹೋಗಬೇಕು ಎಂದುಕೊಂಡು ಹತ್ತಿಬಿಟ್ಟ. ಕಿಟಕಿಯಿಂದ ನೋಡಿದರೆ ಬೀದಿಯ ಅರ್ಧದಲ್ಲಿ ಅಕ್ಕ, ಟಾಟಾ ಮಾಡಲು ವಾಕರಿನಿಂದ ಒಂದು ಕೈ ಎತ್ತಿದ್ದಾಳೆ. ಕೈ ಎತ್ತಿದ್ದೇ ತಡ ಮೈ ಓಲಾಡಿತು. ಯಾರೋ ದಾರಿಹೋಕರು ಭುಜ ಹಿಡಿದು ನಿಲ್ಲಿಸಿದರು. ಬಸ್ಸು ಹೊರಟಿತು.

*

ಅವನು ಒಳಗೆ ಬಂದಾಗ ಸೂಪರ್‌ವೈಸರಮ್ಮ ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತು ನಾಲ್ಕು ಮಾತು ಆಡುತ್ತಿದ್ದಳು. "ಒಂದು ದಿನ ರಜೆ ಹಾಕಿದವಳಲ್ಲ, ಒಬ್ಬರಿಗೆ ಭಾರವಾದವಳಲ್ಲ. ದೊಡ್ಡ ಪ್ರಯಾಣದ ಆಸೆಯೊಂದು ಉಳಿದುಹೋಯ್ತು. ಆದ್ರೂ ಬೆನ್ನಿಗೆ ಬಂಗಾರದಂಥ ತಮ್ಮ ಇದ್ದ…"

"ನಾನು ಹೋಗ್ತಿರಲಿಲ್ಲ," ಎಂದ ತಮ್ಮ.

ಎಲ್ಲರೂ ತಿರುಗಿ ನೋಡಿದರು.

"ನಾನು ಅವಳ ಜೊತೆ ಹೋಗ್ತಿರಲಿಲ್ಲ. ಫಾರಂಗೆ ಸಹಿ ಹಾಕಿಲ್ಲ. ಐದು ತಿಂಗಳಿಂದ ನನ್ನ ಡ್ರಾಯರಲ್ಲೇ ಬಿದ್ದಿದೆ. ಅವಳ ಜೊತೆ ನಡೆಯೋಕೆ ನನಗೆ ನಾಚಿಕೆ ಆಗ್ತಿತ್ತು."

ಈಗ ಉಗಿಯುತ್ತಾರೆ ಎಂದು ಅವನು ಕಾದ. ಉಗಿಯಲಿ ಎಂದೇ ಕಾದ.

ಸೂಪರ್‌ವೈಸರಮ್ಮ ಬಂದು ಅವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ಗೊತ್ತಪ್ಪ, ಗೊತ್ತು. ನಮ್ಮನೆಯವರು ಹೋದಾಗ ನಾನೂ ಹಿಂಗೇ. ಮಾತ್ರೆ ಕೊಡೋದು ನಾನೇ ತಡ ಮಾಡಿದೆ, ನಾನೇ ಕೊಂದೆ ಅಂತ ತಿಂಗಳುಗಟ್ಟಲೆ ಬಡ್ಕೊಂಡೆ. ಪ್ರೀತಿ ಇದ್ದೋರಿಗೇ ಹಂಗನ್ಸೋದು."

"ಅಯ್ಯೋ ಪಾಪ, ರಾತ್ರಿಯಿಂದ ಒಂದು ತುತ್ತು ತಿಂದಿಲ್ಲ," ಎಂದು ಎದುರುಮನೆಯಾಕೆ ನೀರು ತರಲು ಓಡಿದಳು.

"ನಿಜ ಹೇಳ್ತಿದ್ದೀನಿ," ಎಂದು ಅವನು ಬಾಗಿಲ ಕಡೆ ನೋಡಿದ. ಅದು ನಿಜವೆಂದು ಬಲ್ಲವನು ಅಲ್ಲಿ ಒಬ್ಬನೇ ಇದ್ದ. ವಾಚ್‌ಮನ್ ಕೋಟನ್ನು ಎದೆಗವಚಿಕೊಂಡು, ನೆಲ ನೋಡುತ್ತ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಅಕ್ಕನಿಗೆ ಕೊಟ್ಟ ಮಾತು ಅವನು ಮುರಿಯಲಿಲ್ಲ.

ಲಾಂಡ್ರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮನ ಬೆನ್ನು ಸವರಿದರು. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ಅವನು ಎಂದೂ ನಿಂತಿರಲಿಲ್ಲ.

ಸ್ಮಶಾನಕ್ಕೆ ಹೋಗುವ ವ್ಯಾನು ಬಂತು. ಆಳುಗಳು ಪೆಟ್ಟಿಗೆಯನ್ನು ಹಿಂದಿನ ಬಾಗಿಲಿಂದ ತಳ್ಳಿ, ಪಟ್ಟಿ ಬಿಗಿದರು. ಪಕ್ಕದಲ್ಲಿ ಒಂದು ಮಡಚುವ ಸೀಟು ಮಾತ್ರ ಇತ್ತು.

"ಜೊತೆಗೆ ಒಬ್ಬರೇ," ಎಂದ ಡ್ರೈವರು. "ಯಾರು ಬರ್ತೀರಿ?"

"ಇನ್ಯಾರು! ಅವರೇ," ಎಂದಳು ಎದುರುಮನೆಯಾಕೆ. ಹಿಂದಿನಿಂದ ನಾಲ್ಕು ಕೈಗಳು ಅವನನ್ನು ಮೆಲ್ಲಗೆ ಮುಂದೆ ದೂಡಿದವು. ಹತ್ತಿ ಕೂತ. ಬಾಗಿಲು ಮುಚ್ಚಿತು.

ವ್ಯಾನು ಬೀದಿ ದಾಟಿ ದೊಡ್ಡ ರಸ್ತೆಗೆ ಹೊರಳುವಾಗ ಪೆಟ್ಟಿಗೆ ಎರಡು ಬೆರಳಿನಷ್ಟು ಅವನ ಕಡೆ ಸರಿಯಿತು. ಅವನು ಸೀಟಿನಿಂದ ಕೆಳಗಿಳಿದು, ನೆಲದಲ್ಲಿ ಕೂತು, ಪೆಟ್ಟಿಗೆಯ ಮೇಲೆ ಕೈ ಹಾಕಿದ.

"ಪಟ್ಟಿ ಬಿಗಿದಿದ್ದಾರೆ ಸಾರ್, ಅದೇನೂ ಬೀಳಲ್ಲ," ಎಂದ ಡ್ರೈವರು ಕನ್ನಡಿಯಲ್ಲಿ ನೋಡಿ. "ಮೇಲೆ ಕೂತ್ಕೊಳ್ಳಿ."

"ಸ್ವಲ್ಪ ನಿಧಾನಕ್ಕೆ ಹೋಗಪ್ಪ."

"ಇದಕ್ಕಿಂತ ನಿಧಾನ ಆಗಲ್ಲ ಸಾರ್. ಹಿಂದೆ ಆಗಲೇ ಸಾಲುಗಟ್ಟಿದ್ದಾರೆ."

ಹಿಂದಿನ ವಾಹನಗಳು ಒಂದಾದ ಮೇಲೊಂದು ಹಾರ್ನ್ ಹೊಡೆದು, ಸುತ್ತಿಕೊಂಡು ಮುಂದೆ ಹೋಗುತ್ತಿದ್ದವು. ಹೋಗುವವರೆಲ್ಲ ಕಿಟಕಿಯಿಂದ ಒಳಗೆ ಇಣುಕಿ ನೋಡುತ್ತಿದ್ದರು. ಅವನು ಮುಖ ಮರೆಸಿಕೊಳ್ಳಲಿಲ್ಲ. ಮುಂದಿನ ತಿರುವಿನಲ್ಲಿ ವ್ಯಾನು ವಾಲಿದಾಗ, ಎರಡೂ ತೋಳುಗಳಿಂದ ಪೆಟ್ಟಿಗೆಯನ್ನು ತಬ್ಬಿ, ಓಲಾಡದಂತೆ ಹಿಡಿದುಕೊಂಡ.