ಮಗುವಿನ ಕೆನ್ನೆಗೆ ಹತ್ತಿದ ನೀಲಿ

ನಮ್ಮ ಅಬೆಯೊಕುಟಾ ಊರಿನಲ್ಲಿ ಬಟ್ಟೆಗೆ ನೀಲಿ ಅದ್ದುವ ಮನೆಗಳು ಒಂದೊಂದಾಗಿ ಕಸುಬು ಬಿಟ್ಟು ಬಣ್ಣದ ಮಡಕೆ ಬೋರಲು ಹಾಕಿದವು. ನಮ್ಮ ಓಣಿಯಲ್ಲಿ ಉಳಿದದ್ದು ನನ್ನ ತಂಗಿ ಅರಿನೋಲಾಳ ಮಡಕೆ ಒಂದೇ. ಆ ವಿದ್ಯೆ ತಾಯಿಯಿಂದ ಮಗಳಿಗೆ ಮಾತ್ರ ಹೋಗಬೇಕು ಎನ್ನುವುದು ಹಿರಿಯರ ಕಟ್ಟು. ತಂಗಿಗೆ ಹೆಣ್ಣುಮಕ್ಕಳಿಲ್ಲ.

ಪಕ್ಕದ ಮನೆಯ ಬಿಸೋಲಾ ಓಣಿಯ ಹೆಂಗಸರಿಗೆಂದು ಶನಿವಾರದ ತರಗತಿ ಶುರುಮಾಡಿದಳು. ಮರಗೆಣಸಿನ ಗಂಜಿಯಲ್ಲಿ ಕೋಳಿಗರಿ ಅದ್ದಿ ಬಟ್ಟೆಯ ಮೇಲೆ ಚಿತ್ರ ಬರೆಯುವುದನ್ನು ತಾನೇ ಹೇಳಿಕೊಟ್ಟಳು. ಗಂಜಿ ಇದ್ದಲ್ಲಿ ನೀಲಿ ಹತ್ತುವುದಿಲ್ಲ. ಬಣ್ಣ ಅದ್ದುವುದನ್ನು ಕಲಿಸಲು ನನ್ನ ತಂಗಿಯನ್ನು ಕೇಳಿಕೊಂಡಳು. ತಂಗಿ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಬಟ್ಟೆಯನ್ನು ಒಂದೇ ಸಲ ಮುಳುಗಿಸಿ ಸಂಜೆವರೆಗೆ ಬಿಡಿ ಎಂದುಬಿಟ್ಟಳು. ಅದ್ದಿ, ಮೇಲೆತ್ತಿ, ಗಾಳಿಗೆ ಹಿಡಿದು, ಮಡಕೆಯಿಂದ ಹಸಿರಾಗಿ ಬಂದದ್ದು ನೀಲಿಗೆ ತಿರುಗಿದ ಮೇಲೆ ಮತ್ತೆ ಮತ್ತೆ ಅದ್ದಬೇಕು ಎಂಬುದನ್ನು ಹೇಳಲೇ ಇಲ್ಲ.

"ಮನೆ ಗುಟ್ಟು ಬೀದಿಗ್ಯಾಕೆ ಅಣ್ಣ?" ಎಂದಳು ನನಗೆ.

ಕಲಿತವರಲ್ಲಿ ಒಬ್ಬಳಾದ ಫೊಲಾಕೆ, ತಾನು ಅದ್ದಿದ ಬಟ್ಟೆಯಲ್ಲಿ ಮೊಮ್ಮಗುವನ್ನು ಸುತ್ತಿ ನಾಮಕರಣಕ್ಕೆ ತಂದಳು. ನಾಲಗೆಗೆ ಜೇನು ಮುಟ್ಟಿಸುವಷ್ಟರಲ್ಲಿ ಮಗು ಬೆವರಿ ಕೆನ್ನೆಯೆಲ್ಲ ನೀಲಿಯಾಯಿತು. ಇದು ಯಾರ ಮಡಕೆಯ ಬಣ್ಣ ಎಂದು ಜನ ಕೇಳಿದರು. ಫೊಲಾಕೆ ಅಲ್ಲೇ ಕುಳಿತಿದ್ದ ಅರಿನೋಲಾಳ ಹೆಸರು ಹೇಳಿದಳು.

"ಇವಳವ್ವ ಅದ್ದಿದ ಬಟ್ಟೆ ಚಿಂದಿಯಾದ್ರೂ ಬಣ್ಣ ಬಿಡ್ತಿರ್ಲಿಲ್ಲ. ಇವಳದು ಕೂಸಿನ ಬೆವರಿಗೇ ಕರಗ್ತದಲ್ಲ" ಎಂದು ಮುದುಕಿಯೊಬ್ಬಳು ನಕ್ಕಳು.

ಮನೆಗೆ ಬಂದ ತಂಗಿ ಊಟ ಮುಟ್ಟಲಿಲ್ಲ. ಬಿಸೋಲಾ ಬಂದು ಹತ್ತಿರ ಕುಳಿತಳು. ಅವಳು ಬೈಯಲಿಲ್ಲ.

"ಅಕ್ಕ, ನೀವು ಕಲಿಸಿದ್ದು ಅರ್ಧ. ಹೋದ ಹೆಸರು ಮಾತ್ರ ಪೂರ್ತಿ."

"ಪೂರ್ತಿ ಕಲಿಸಿದ್ರೆ ಅವ್ರು ತಮ್ಮದೇ ಅಂತಾರೆ."

"ಅನ್ನಲಿ ಬಿಡಿ. ನಿಮ್ಮ ನಂತರ ಮಡಕೆ ಬೋರಲಾದ್ರೆ ಈ ವಿದ್ಯೆ ಯಾರದು ಅಂತೀರಿ?"

ಮುಂದಿನ ಶನಿವಾರ ತಂಗಿ ಮೊದಲು ಫೊಲಾಕೆಯನ್ನೇ ಕರೆದು, ಹೊಸ ಬಟ್ಟೆ ಅದ್ದಿಸಿ, ಅವಳ ಕೈಹಿಡಿದು ಮೇಲೆತ್ತಿಸಿದಳು. ಎಲ್ಲರ ಕಣ್ಣೆದುರೇ ಹಸಿರು ನೀಲಿಗೆ ತಿರುಗಿತು. "ಇದನ್ನ ಉಸಿರಾಡೋಕೆ ಬಿಟ್ಟು ಮತ್ತೆ ಮತ್ತೆ ಅದ್ಬೇಕು. ನಮ್ಮವ್ವ ನನಗೆ ಹೇಳಿದ್ದು ಇದೇ" ಎಂದಳು. ಆ ಬಟ್ಟೆಯನ್ನು ಫೊಲಾಕೆ ಎಷ್ಟೋ ಸಲ ಒಗೆದಿದ್ದಾಳೆ. ನೀಲಿ ಹಾಗೇ ಇದೆ.

ಕಸುಬು ಬಲ್ಲ ತಾಯಂದಿರೇ, ಕಲಿಸುವುದಾದರೆ ಏನನ್ನೂ ಬಚ್ಚಿಡದೆ ಕಲಿಸಿ. ಕಲಿಯಬೇಕೆನ್ನುವವರು ಬಿಳಿ ಹತ್ತಿಬಟ್ಟೆಯ ಒಂದು ತುಂಡು ತನ್ನಿ. ನೀವು ಯಾರ ಮಗಳು ಎಂದು ಅರಿನೋಲಾ ಈಗ ಕೇಳುವುದಿಲ್ಲ.