ವೆಲೋಸಿಯೊನ ಶಿಷ್ಯನ ಊಟದ ಡಬ್ಬಿ

ಡಬ್ಬಿ ಎತ್ತಿದ ಕೂಡಲೇ ಎದೆ ಧಸಕ್ಕೆಂದಿತು. ಭಾರವಾಗಿತ್ತು. ಮುಚ್ಚಳ ತೆಗೆದರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ನಾನು ಕಟ್ಟಿದ ಹಾಗೇ ಇದ್ದವು. ಗುಂಪಿನ ಸೈಕಲ್ ಸವಾರಿಗೆಂದು ಪುಣೆ ರಸ್ತೆಯ ಶಿರೂರಿನಲ್ಲಿದ್ದ ತಂಗುದಾಣದಲ್ಲಿ ನನ್ನ ಕಣ್ಣೆದುರೇ ಇನ್ಸುಲಿನ್ ಚುಚ್ಚಿಕೊಂಡು, "ತ್ರಿವೇಣಿ, ನೀ ಹಣ್ಣು ತೊಳಕೊಂಡ ಬಾ, ಅಷ್ಟರಾಗ ಉಂಡಿರ್ತೀನಿ" ಎಂದು ಕಳಿಸಿದ್ದರು ನನ್ನ ಯಜಮಾನರು ಬಸವಲಿಂಗ. ಇವರ ಜೊತೆ ಸದಾ ಪೈಪೋಟಿಗೆ ಬೀಳುವ ಸವಾರ, ಮಗರಪಟ್ಟಾದ ವಿಕ್ರಮ ಆಗಲೇ ಹೊರಟ ಎಂದು ಯಾರೋ ಹೇಳಿದ್ದೇ ತಡ, ಉಣ್ಣದೆ ಸೈಕಲ್ ಹತ್ತಿದ್ದರು. ಜೇಬಿಗೆ ಹಾಕಿಕೊಟ್ಟ ಶೇಂಗಾ ಉಂಡೆಗಳನ್ನು ಬೆಳಿಗ್ಗೆಯೇ ಹೊಸ ಸವಾರರಿಗೆ ಹಂಚಿಯಾಗಿತ್ತು. ಕಾರು ತಿರುಗಿಸಿ ಪುಣೆಯ ದಾರಿ ಹಿಡಿದೆ. ಬಾಯಿ ಬೈಯುತ್ತಲೇ ಇತ್ತು.

ಬೈಯದೆ ಏನು ಮಾಡಲಿ? ಬಸವಲಿಂಗ ಎಂದರೆ ನಮ್ಮ ಸೈಕಲ್ ಗುಂಪಿಗೇ ಗುರು. ಇವರ ಗುರು ಫ್ರಾನ್ಸಿನ ವೆಲೋಸಿಯೊ ಎಂಬ ಹಳೆಯ ಕಾಲದ ಸವಾರ. ದೂರದೂರಿಗೆ ಸೈಕಲ್ ತುಳಿಯುವುದನ್ನೇ ಬಾಳುವ ರೀತಿ ಮಾಡಿಕೊಂಡಿದ್ದನಂತೆ ಆ ಮಹಾರಾಯ. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಬಿಂಕಕ್ಕಾಗಿ ಎಂದೂ ತುಳಿಯಬಾರದು ಎನ್ನುವ ಅವನ ಪಾಠವನ್ನು ಇವರು ಹೇಳಿ ಹೇಳಿ ನನ್ನ ಕಿವಿ ತೂತಾಗಿದೆ. ದೇವರ ಗೂಡಿನಲ್ಲಿ ಅವನ ಫೋಟೋ ಇಟ್ಟಿಲ್ಲ, ಅಷ್ಟೇ.

ಇದರ ಮೇಲೆ ಗುಂಪಿನ ನಿಯಮ ಬೇರೆ. ಸವಾರರು ದಾರಿಯಲ್ಲಿ ಒಬ್ಬರಿಗೊಬ್ಬರು ನೆರವಾಗಬಹುದು. ಮನೆಯವರು ಮಾತ್ರ ತಂಗುದಾಣದ ಹೊರಗೆ ಹನಿ ನೀರೂ ಕೊಡಬಾರದು, ಕೊಟ್ಟರೆ ಸವಾರಿ ರದ್ದು. ಹೋದ ವರ್ಷ ನಮ್ಮ ನೆರೆಯ ಕಾಡಪ್ಪ, ಬಿಸಿಲಿಗೆ ತತ್ತರಿಸಿದ ತನ್ನ ಮಗಳು ಮಾಧುರಿಗೆ ಇದೇ ರಸ್ತೆಯಲ್ಲಿ ಮಜ್ಜಿಗೆ ಕುಡಿಸಿದ. ಇವರು ಎಲ್ಲರೆದುರು ಅವಳ ಹೆಸರು ಹೊಡೆದುಹಾಕಿದರು. ಧಾರವಾಡದಿಂದ ಒಟ್ಟಿಗೆ ಬಂದು ಪುಣೆಯ ಒಂದೇ ವಾಡೆಯಲ್ಲಿ, ಒಂದೇ ವಠಾರದಲ್ಲಿ, ಸಂಸಾರ ಹೂಡಿದವರು ನಾವು ಎರಡು ಮನೆಯವರು. ಅಂದಿನಿಂದ ಕಾಡಪ್ಪ ನಮ್ಮ ಹೊಸ್ತಿಲು ತುಳಿದಿಲ್ಲ.

ರಾಂಜಣಗಾವ್ ದಾಟಿದ ಮೇಲೆ ಕಂಡರು. ಸೈಕಲ್ ಮಣ್ಣಿಗಿಳಿಯುವುದು, ಮತ್ತೆ ಓಲಾಡುತ್ತ ರಸ್ತೆಗೆ ಏರುವುದು. ಹಿಂದಿನಿಂದ ಟ್ರಕ್ಕುಗಳು ಹಾರ್ನ್ ಹೊಡೆಯುತ್ತ ಬರುತ್ತಿದ್ದವು. ಕಿಟಕಿ ಇಳಿಸಿ ಕೂಗಿದೆ.

"ರೀ, ನಿಂದರ್ರಿ! ಸಕ್ಕರಿ ಇಳದದ ನಿಮಗ!"

"ದೂರ ಹೋಗು... ಸವಾರಿ ರದ್ದಾಗ್ತದ." ನಾಲಿಗೆ ತೊದಲುತ್ತಿತ್ತು.

ಕಾರನ್ನು ಮುಂದೆ ಒಯ್ದು ಅಡ್ಡ ನಿಲ್ಲಿಸಿ, ಇಳಿದು ಹ್ಯಾಂಡಲ್ ಹಿಡಿದುಕೊಂಡೆ. ಅಷ್ಟು ಬಿಸಿಲಿನಲ್ಲೂ ಅವರ ಕೈ ತಣ್ಣಗಿತ್ತು, ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು. ಬೆಲ್ಲದ ನೀರಿನ ಬಾಟಲಿ ಬಾಯಿಗೆ ಹಿಡಿದರೆ ಕೈಯಿಂದ ಹೊಡೆದರು. ನೀರೆಲ್ಲ ಮಣ್ಣುಪಾಲಾಯಿತು. ಕಾರಿನಲ್ಲಿ ಬೇರೆ ಸಿಹಿ ಇರಲಿಲ್ಲ, ರೊಟ್ಟಿ ಅಗಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಒಂದು ಪದಕಕ್ಕ ಸಾಯ್ತೀರೇನ್ರಿ?"

ನನ್ನ ಮುಖವನ್ನೇ ನೋಡುತ್ತಿದ್ದರು. ಗುರುತು ಸಿಕ್ಕಂತೆ ಕಾಣಲಿಲ್ಲ. 

ಹಿಂದೆ ಬ್ರೇಕ್ ಹಾಕಿದ ಸದ್ದಾಯಿತು. ಮಾಧುರಿ! ಈ ಸಲವೂ ಸವಾರಿಗೆ ಬಂದಿದ್ದಳು. ಒಂದು ಕಾಲು ನೆಲಕ್ಕೂರಿ ನಮ್ಮನ್ನು ನೋಡಿದಳು. ಅವಳು ಹಾಗೇ ಹೋಗಿಬಿಟ್ಟಿದ್ದರೂ ಕೇಳುವ ಮುಖ ನನಗಿರಲಿಲ್ಲ. ಆದರೆ ಅವಳು ಸೈಕಲ್ ಅಲ್ಲೇ ಬೀಳಿಸಿ ಓಡಿಬಂದಳು, ಜೇಬಿನಿಂದ ಗ್ಲೂಕೋಸ್ ಪೊಟ್ಟಣ ತೆಗೆದು ತನ್ನ ಬಾಟಲಿಗೆ ಸುರಿದಳು.

"ಕಾಕಾ, ನಾನೂ ಸವಾರಿದಾಗ ಇದ್ದೀನ್ರಿ. ನನ್ನ ಕೈಯಿಂದ ಕುಡದ್ರ ನಿಯಮ ಮುರಿಯೂದಿಲ್ಲ. ಕುಡೀರಿ."

ನಿಯಮ ಎಂಬ ಮಾತು ಕಿವಿಗೆ ಬಿತ್ತೋ ಏನೋ, ಬಾಯಿ ತೆರೆದರು. ಬಾಟಲಿ ಬರಿದಾಯಿತು. ಇಬ್ಬರೂ ಸೇರಿ ಅವರನ್ನು ಬೇವಿನ ನೆರಳಿಗೆ ಕೂರಿಸಿದೆವು. ನಾನು ಸೆರಗಿನಿಂದ ಅವರ ಮುಖದ ಬೆವರು ಒರೆಸಿದೆ. ಆಮೇಲೆ ಅವರು "ತ್ರಿವೇಣಿ" ಎಂದರು. ನಾನು ಉಸಿರು ಬಿಟ್ಟೆ.

"ಇನ್ನಷ್ಟು ಕುಂತು ಮೆಲ್ಲಕ ಹೋಗ್ರಿ ಕಾಕಾ. ನಿಮ್ಮ ಸವಾರಿ ರದ್ದಾಗಿಲ್ಲ. ನಾನೇ ಸಾಕ್ಷಿ" ಎಂದಳು ಮಾಧುರಿ.

ಇವರು ಅವಳ ಖಾಲಿ ಬಾಟಲಿಯನ್ನು ನೋಡುತ್ತ ಕುಳಿತರು. ಆಮೇಲೆ ನನ್ನತ್ತ ಕೈ ಚಾಚಿದರು. "ಡಬ್ಬಿ ಕೊಡು."

"ಕಾಕಾ, ತ್ರಿವೇಣಿ ಕಾಕು ಕೈಯಿಂದ ತಿಂದ್ರ..."

"ಗೊತ್ತದ. ಆ ನಿಯಮ ಮಾಡಿದಾಂವ ನಾನ." ರೊಟ್ಟಿ ಮುರಿದು ಬಾಯಿಗಿಟ್ಟರು. "ನಿಮ್ಮಪ್ಪ ಮಜ್ಜಿಗಿ ಕುಡಿಸಿದಾಗ ನಿನ್ನ ಮುಖ ಹೆಂಗಿತ್ತು ಅಂತ ನಾ ನೋಡಲೇ ಇಲ್ಲ. ನಿಯಮ ಹಿಡಕೊಂಡು ಕುಂತೆ. ಬಿಂಕ ಅಂದ್ರ ಅದೇ."

ಎದೆಯ ಮೇಲಿನ ಸವಾರಿ ನಂಬರನ್ನು ಬಿಚ್ಚಿ ಅವಳ ಕೈಗಿಟ್ಟರು. "ಮುಂದಿನ ತಂಗುದಾಣದಾಗ ನಂದು ರದ್ದು ಅಂತ ಹೇಳು."

ಅವಳ ಕಣ್ಣು ತುಂಬಿ ಬಂತು. ಅವಳ ಬಾಟಲಿ ತುಂಬಿಕೊಡೋಣವೆಂದು ನಾನು ಕಾರಿನ ನೀರಿನ ಕ್ಯಾನಿಗೆ ಕೈ ಹಾಕಿದೆ.

"ಏ, ಬ್ಯಾಡ!" ಇವರು ಕೂಗಿದರು. "ಅಕೀದೂ ರದ್ದಾಗ್ತದ! ಮಾಧುರಿ, ಮುಂದ ಧಾಬಾದಾಗ ನೀರು ತುಂಬ್ಕೋ. ಹಸಿಯೂಕಿಂತ ಮೊದಲ ಏನರ ತಿನ್ನು. ನಡಿ."

ಸಾವಿನ ಬಾಯಿಂದ ಈಗಷ್ಟೇ ಎದ್ದು ಬಂದ ಮನುಷ್ಯ! ನನಗೆ ನಗು ಬಂತು, ಅದರ ಹಿಂದೆಯೇ ಅಳು ಒತ್ತರಿಸಿ ಬಂತು. ಮಾಧುರಿ ಕಣ್ಣೊರೆಸಿಕೊಂಡು ಸೈಕಲ್ ಹತ್ತಿದಳು.

ಇವರ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ ಕೇಳಿದೆ, "ಮನೀಗೇ ಅಲ್ರಿ?"

"ಮೊದಲ ದವಾಖಾನಿ ಅಂತೀ, ಬಿಡೂದಿಲ್ಲ ನೀ. ಆಮ್ಯಾಲ ಕಾಡಪ್ಪನ ಮನೀಗೆ. ಮಜ್ಜಿಗಿ ಕೇಳ್ತೀನಿ."

"ಕೊಡದಿದ್ರ?"

"ಕೊಡೂತನಕ ಅವನ ಬಾಗಲದಾಗ ಕೂಡ್ತೀನಿ" ಎಂದು ಇನ್ನೊಂದು ರೊಟ್ಟಿ ಮುರಿದರು.