ಚುಚ್ಚಲು ಒಂದು ಕೈ

"ಏಯ್ ಗೊಂಬೆ, ಕೈ ನೀಡೇ! ಮದುವಣಗಿತ್ತಿ ಥರ ಮುದುರ್ಕೊಂಡು ಕೂತಿದ್ದೀಯಲ್ಲ, ದರಿದ್ರದವಳೇ!"

ಪಾಠ ಹೇಳುವ ಮೇಡಂ ಬಾಯಿ ತೆರೆದರೆ ಹೀಗೆಯೇ. ಗೊಂಬೆ ಅಂಗಿಯ ತೋಳು ಮಡಚಿ ಮೇಜಿನ ಮೇಲೆ ಕೈ ಚಾಚಿದಳು. ಸೂಜಿ ಚುಚ್ಚಿ ಕಲಿಯಲೆಂದೇ ನರ್ಸಿಂಗ್ ಶಾಲೆಯಲ್ಲಿ ರಬ್ಬರಿನ ಗೊಂಬೆಯೊಂದು ಇತ್ತು, ಇಲ್ಲವೆಂದಲ್ಲ. ಆದರೆ ಅದು ತನಿಖೆಗೆ ಬರುವ ಸಾಹೇಬರಿಗೆ ಮುಖ ತೋರಿಸಲೆಂದು ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಹಾಯಾಗಿ ಮಲಗಿತ್ತು. ಅದಕ್ಕೆ ತೂತು ಬಿದ್ದರೆ ಹೊಸದು ತರಬೇಕು. ನೆಲ ಒರೆಸುವ ಆಯಾಳ ಮಗಳಿಗೆ ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗೆ ಅವಳಿಗೆ ಅಂಟಿದ ಹೆಸರು 'ಗೊಂಬೆ'. ಈಗ ಹಾಜರಿ ಕೂಗುವುದೂ ಅದರಿಂದಲೇ.

"ನರ ಸಿಗ್ತಿಲ್ಲ ಮೇಡಂ," ಎಂದಳು ಸೂಜಿ ಹಿಡಿದಿದ್ದ ಗುತ್ತಿಗೆದಾರನ ಮಗಳು.

"ಒಳಗೇ ಕೆದಕು. ಅದೇನು ಕಚ್ಚುತ್ತಾ?"

ಹುಡುಗಿಯರು ಕಿಸಕ್ಕನೆ ನಕ್ಕರು. ಗೊಂಬೆಯ ಮೊಣಕೈಯ ಒಳಬದಿ ನೀಲಿಗಟ್ಟಿ ಊದಿತ್ತು. ಬೆಳಿಗ್ಗೆ ಅಮ್ಮ ಅದಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತ, "ತಡ್ಕೊಳ್ಳೇ ನನ್ನಮ್ಮ. ಆ ಮೇಡಂ ಕೈಕಾಲು ಹಿಡಿದು ಈ ಸೀಟು ತಗೊಂಡಿದ್ದೀನಿ. ಪರೀಕ್ಷೆ ಒಂದು ಆಗ್ಲಿ, ಆಮೇಲೆ ಅವಳ ಮನೆ ಹಾಳಾಗ್ಲಿ," ಎಂದಿದ್ದಳು.

ಎಲ್ಲರ ಸರದಿಯೂ ಮುಗಿಯಿತು.

"ನಾನು ಚುಚ್ಚೋದು ಯಾವಾಗ ಮೇಡಂ? ನಾಳೆ ಪರೀಕ್ಷೆ. ನಾನಿನ್ನೂ ಒಂದ್ಸಲಾನೂ ಸೂಜಿ ಹಿಡಿದಿಲ್ಲ."

"ಯಾರ್ರಮ್ಮಾ ಇವಳಿಗೆ ಕೈ ಕೊಡೋರು?"

ಅಷ್ಟೂ ಕೈಗಳು ಬೆನ್ನ ಹಿಂದೆ ಹೋದವು.

"ನೋಡಿದ್ಯಾ? ನಿನ್ನ ಕೈಗೇ ಚುಚ್ಕೋ. ನಾಳೆ ಫೇಲಾದ್ರೆ ಪೊರಕೆ ಅಂತೂ ಇದ್ದೇ ಇದೆ, ಮನೆತನದ ಆಸ್ತಿ!"

ಗೊಂಬೆ ರಬ್ಬರ್ ಪಟ್ಟಿಯನ್ನು ಹಲ್ಲಿನಿಂದ ಎಳೆದು ಎಡತೋಳಿಗೆ ಬಿಗಿದಳು. ಊದಿದ ಜಾಗದಲ್ಲಿ ಸೂಜಿ ಜಾರಿತು. ರಕ್ತ ನೆಲಕ್ಕೆ ತೊಟ್ಟಿಕ್ಕಿತು.

"ಥೂ, ಕೊಳಕು ಮುಂಡೇದೇ! ಆಯಾನ ಕರೀರಿ!"

ಬಂದವಳು ಅಮ್ಮನೇ. ಬಿದ್ದದ್ದು ಯಾರ ರಕ್ತವೆಂದು ನೋಡಿದಳು. ಕುಕ್ಕರಗಾಲಲ್ಲಿ ಕೂತು ಒರೆಸಿದಳು. ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿ, ಕೈ ತೊಳೆದು, ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

"ಬಾ ಮಗಳೇ, ನಂಗೆ ಚುಚ್ಚು. ಕಲ್ತ್ಕೋ."

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರೇ, ಇನ್ನೊಂದು ಗೊಂಬೆ ಬಂತು! ಇವತ್ತಿಂದ ಜೋಡಿ!"

"ಏಳಮ್ಮ," ಎಂದಳು ಮಗಳು.

ಅಮ್ಮ ಎದ್ದಳು. ಮಗಳು ಹೊಸ ಸೂಜಿ, ಸ್ಪಿರಿಟ್ ಹತ್ತಿ ಟ್ರೇಗೆ ಹಾಕಿ, ಕುರ್ಚಿಯನ್ನು ದರದರ ಎಳೆದು ಮೇಡಂ ಮುಂದಿಟ್ಟಳು.

"ಕೂತ್ಕೊಳ್ಳಿ ಮೇಡಂ."

"ಏನಂದ್ಯೇ? ತಾಯಿ ಮಗಳು ಇಬ್ರನ್ನೂ ಗೇಟಿಂದ ಆಚೆ ಹಾಕಿಸ್ತೀನಿ!"

"ಹಾಕ್ಸಿ. ಮೊದ್ಲು ಕೈ ಕೊಡಿ."

ಮೇಡಂ ಬಾಗಿಲಿನತ್ತ ತಿರುಗಿದರು. ಅಮ್ಮ ಆಗಲೇ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಅವಳಿನ್ನೂ ಕಲಿಯೋಳು, ಕೈ ಸ್ವಲ್ಪ ನಡುಗುತ್ತೆ," ಎಂದಳು. "ರವಿಕೆ ತೋಳು ಮಡಚಿ ಮೇಡಮ್ಮೋರೆ."